ಶಿವಮಲ್ಲಪ್ಪನವರ ಯುಗಾದಿ ಗುಂಡು

"ಈ ಸಲ ಯುಗಾದಿ ಅಂದ್ರೆ ಹೆಂಗಿರಬೇಕು ಅಂತ ಈ ತಿರುನೆಲ್ಲಿ ದಾರಿಗೇ ತೋರಿಸ್ತೀನಿ!" ಎಂದು ಶಿವಮಲ್ಲಪ್ಪನವರು ಹಬ್ಬಕ್ಕೆ ಮೊದಲೇ ಘೋಷಿಸಿದರು.

ತೋರಿಸಿದರು. ದಾರಿಯೂ ನೋಡಿತು, ಪೊಲೀಸರೂ ನೋಡಿದರು.

ನಕ್ಸಲರ ಹೆಸರು ಕೇಳಿದರೆ ವಯನಾಡಿನ ಜಮೀನುದಾರರು ನಿಂತಲ್ಲೇ ಬೆವರುತ್ತಿದ್ದ ಕಾಲ ಅದು. ಪೇಟೆಯ ಹಳೇ ಗೋದಾಮಿಗೆ ಪೊಲೀಸ್ ಕ್ಯಾಂಪ್ ಬಂದಿತ್ತು. ಕಾಡಿನಿಂದ ಬರುವವರ ಸೌದೆ ಹೊರೆಯನ್ನೂ ಬಿಚ್ಚಿಸಿ ನೋಡುತ್ತಿದ್ದರು. ಶಿವಮಲ್ಲಪ್ಪನವರದು ದಿನಸಿ ಅಂಗಡಿ, ಅಂಗಡಿಯ ಹಿಂದೆ ಮನೆ, ಮನೆಯ ಹಿಂದೆ ಗದ್ದೆ. ಅಪ್ಪನ ಕಾಲದಲ್ಲಿ ಗುಂಡ್ಲುಪೇಟೆ ಕಡೆಯಿಂದ ಬಂದು ನೆಲೆ ನಿಂತ ಮನೆತನ. ಮನುಷ್ಯ ಎಷ್ಟು ಹುಷಾರು ಎಂದರೆ, ಕೆಂಪು ಕಂಡರೆ ಪೊಲೀಸರಿಗೆ ಏನನ್ನಿಸೀತೋ ಎಂದು ಒಣಮೆಣಸಿನಕಾಯಿ ಮೂಟೆಯನ್ನೇ ಅಂಗಡಿಯ ಮುಂದಿನಿಂದ ಒಳಗೆ ಸಾಗಿಸಿದ್ದರು!

ಯುಗಾದಿಯ ಉಪಾಯ ಹುಟ್ಟಿದ್ದು ಪೊಟ್ಟಣದ ಕಾಗದದಿಂದ. ಸಾಮಾನು ಕಟ್ಟಲು ತಂದಿದ್ದ ಹಳೆಯ ವಾರಪತ್ರಿಕೆಗಳ ರಾಶಿಯಲ್ಲಿ ಒಂದು ಹಾಳೆ ಅವರ ಕಣ್ಣಿಗೆ ಬಿತ್ತು. 'ವರ್ಷದ ಮೊದಲ ದಿನ ಊರು ಸುತ್ತಬೇಡಿ. ಮನೆಯಲ್ಲೇ ಬೆಚ್ಚಗೆ ಕೂರಿ. ದೀಪ ಹಚ್ಚಿ, ಮೌನ ಹಿಡಿದು, ಆತ್ಮಾವಲೋಕನ ಮಾಡಿ. ಆಗ ನಿಮಗೆ ಕಾಣುವುದು...' ಎಂಬಲ್ಲಿಗೆ ಹಾಳೆ ಹರಿದಿತ್ತು. ಏನು ಕಾಣುವುದೆಂಬ ಭಾಗ ಯಾರದೋ ಮನೆಗೆ ಕಡಲೆಬೇಳೆ ಕಟ್ಟಿಕೊಂಡು ಹೋಗಿತ್ತು. ಇರಲಿ, ಕಂಡಾಗ ನೋಡಿಕೊಂಡರಾಯಿತು!

"ಹಬ್ಬದ ದಿನ ಅಂಗಡಿ ತೆಗೆಯಲ್ಲ. ಪಂಚಾಂಗ ಓದೋ ತನಕ ನಂದು ಮೌನವ್ರತ. ಎಣ್ಣೆಸ್ನಾನ, ದೀಪ, ಬೆಲ್ಲದ ಕಾಫಿ, ಆತ್ಮಾವಲೋಕನ. ನಕ್ಸಲು, ಪೊಲೀಸು ಅನ್ನೋ ಮಾತು ಹೊಸ್ತಿಲು ದಾಟಿ ಒಳಗೆ ಬರಕೂಡದು!"

ಅಕ್ಕಿ ಕೇರುತ್ತಿದ್ದ ಹೆಂಡತಿ ಮಲ್ಲಿಗಮ್ಮ ಮೊರ ಕೆಳಗಿಟ್ಟಳು. "ಅದೇನದು, ಆತ್ಮಾವ...?"

"ಆತ್ಮಾವಲೋಕನ. ನಮ್ಮೊಳಗೆ ಏನದೆ ಅಂತ ನಾವೇ ನೋಡ್ಕೊಳ್ಳೋದು."

"ಅದಕ್ಕೆ ಒಂದು ದಿನ ಪೂರ್ತಿ ಬೇಕಾ? ನಿಮ್ಮೊಳಗೆ ಏನದೆ ಅಂತ ನಾನು ಮದುವೆಯಾದ ವಾರದಲ್ಲೇ ನೋಡಿ ಮುಗಿಸಿದೀನಿ."

"ನಿಂಗೆ ಎಲ್ಲಾ ತಮಾಷೆ."

"ಮೌನ ಅಂದ್ರಲ್ಲ, ಅದು ಮಾತ್ರ ಚೆಂದಾಗದೆ. ವರ್ಷ ಪೂರ್ತಿ ಮಾಡಿ!"

ಹಳೆಯ ವರ್ಷದ ಕೊಳೆ ತೆಗೆಯದೆ ಒಳಗೆ ಇಣುಕುವುದು ಹೇಗೆ? ಹಬ್ಬದ ಹಿಂದಿನ ದಿನ ಶಿವಮಲ್ಲಪ್ಪನವರು ಪಂಚೆ ಎತ್ತಿ ಕಟ್ಟಿ ಅಡುಗೆಮನೆಗೇ ನುಗ್ಗಿದರು. ಒರಳಿನ ಗುಂಡನ್ನು ಅಂಗಳಕ್ಕೆ ಒಯ್ದು ತೊಳೆಯುವ ಮಹಾಕಾರ್ಯಕ್ಕೆ ಕೈ ಹಾಕಿದರು. ಗುಂಡು ಎಂದರೆ ಒರಳಿನ ಕುಳಿಯಲ್ಲಿ ಗರಗರ ತಿರುಗಿ ರುಬ್ಬುವ ಕಲ್ಲು. ಮಲ್ಲಿಗಮ್ಮನ ಅತ್ತೆಯ ಕಾಲದ್ದು. ಅದು ಅವರ ಕೈಯಿಂದ ಜಾರಿ, ಮೆಟ್ಟಿಲುಗಳ ಮೇಲೆ ಉರುಳಿ, ಕೊನೆಯ ಕಲ್ಲಿಗೆ ಬಡಿದು ಎರಡು ಹೋಳಾಯಿತು.

"ಹೋಳಿಗೆ ಮಾಡು ಅಂದಿದ್ರಿ, ಹೋಳು ಮಾಡಿ ಕೊಟ್ರಿ!" ಎಂದಳು ಮಲ್ಲಿಗಮ್ಮ. "ಹೂರಣ ಯಾವುದ್ರಲ್ಲಿ ರುಬ್ಬಲಿ? ನಿಮ್ಮ ತಲೇಲಾ?"

"ಪೇಟೇಲಿ ಕಲ್ಲುಕುಟಿಗನ ಹತ್ರ ಹೊಸ ಗುಂಡು ಅದೆ. ಬೆಳಿಗ್ಗೇನೇ ಕುಳ್ಳನ್ ಹೋಗಿ ತರ್ತಾನೆ ಬಿಡು."

ಕುಳ್ಳನ್ ಎಂಬ ಹೆಸರು ಕೇಳಿ ಕುಳ್ಳ ಎಂದುಕೊಳ್ಳಬೇಡಿ. ಯಾವ ಬಾಗಿಲಲ್ಲೂ ತಲೆ ಬಗ್ಗಿಸಿಯೇ ಬರಬೇಕಾದ ಆಳು. ಕಾಡಂಚಿನ ಅಡಿಯ ಬುಡಕಟ್ಟಿನವನು. ಆ ಸೀಮೆಯ ಪದ್ಧತಿ ಹೀಗಿತ್ತು: ಕಾವಿನ ಉತ್ಸವದಲ್ಲಿ, ಎಂದರೆ ದೇವಿಯ ಬನದ ಜಾತ್ರೆಯಲ್ಲಿ, ಅಮ್ಮನ ಮುಂದೆ ನಿಂತು, ಇಂಥ ಯಜಮಾನರಿಗೆ ವರ್ಷಕ್ಕೆ ಆಳು ಎಂದು ಬಾಯಿಮಾತು ಕೊಟ್ಟರೆ ಮುಗಿಯಿತು. ಮುಂದಿನ ಉತ್ಸವದ ತನಕ ಬೇರೆ ಗದ್ದೆಗೆ ಹೋಗುವಂತಿಲ್ಲ, ಹೆಂಡತಿಗೆ ಜ್ವರ ಎಂದು ಗುಡಿಸಿಲಲ್ಲಿ ಕೂರುವಂತಿಲ್ಲ. ಇದು ನಿಲ್ಲಬೇಕೆಂದು ಕಾಡಿನಲ್ಲಿ ಕೆಲವರು ಬಂದೂಕು ಹಿಡಿದಿದ್ದರು. ನಿಲ್ಲದಿರಲೆಂದು ಶಿವಮಲ್ಲಪ್ಪನಂಥವರು ದೇವರಿಗೆ ತುಪ್ಪದ ದೀಪ ಹಚ್ಚುತ್ತಿದ್ದರು. ಕುಳ್ಳನ್ ಮೊನ್ನೆಯಷ್ಟೇ ಕಾವಿನಲ್ಲಿ ಮಾತು ಕೊಟ್ಟು ಬಂದಿದ್ದ. ಯಜಮಾನರನ್ನು 'ಬುದ್ಧಿ' ಎಂದು ಕರೆಯುತ್ತಿದ್ದ. ನಮ್ಮ ಕಡೆ ದೊಡ್ಡವರನ್ನು ಹಾಗೆ ಕರೆಯುವುದು ರೂಢಿ. ಇದೆಯೋ ಇಲ್ಲವೋ ಎಂದು ಯಾರೂ ಪರೀಕ್ಷೆ ಮಾಡುವುದಿಲ್ಲ.

ಯುಗಾದಿಯ ಬೆಳಗಾಯಿತು. ಬಾಗಿಲಿಗೆ ಮಾವಿನ ತೋರಣ, ಒಲೆಯ ಪಕ್ಕ ಮಣೆ, ಮಣೆಯ ಮುಂದೆ ದೀಪ. ಶಿವಮಲ್ಲಪ್ಪನವರು ಲಂಗೋಟಿ ಉಟ್ಟು, ನೆತ್ತಿಯಿಂದ ಹಿಮ್ಮಡಿಯವರೆಗೆ ಹರಳೆಣ್ಣೆ ಬಳಿದುಕೊಂಡು, ಕಣ್ಣು ಮುಚ್ಚಿ ಕೂತರು. ಹಂಡೆಯಲ್ಲಿ ನೀರು ಕಾಯುತ್ತಿತ್ತು. ಹೊರಗೆ ಮಂಜು, ಒಳಗೆ ಹದವಾದ ಬಿಸಿ. ಒಳಗಣ್ಣಿಗೆ ಇನ್ನೂ ಏನೂ ಕಂಡಿರಲಿಲ್ಲ. ತೂಕಡಿಕೆ ಮಾತ್ರ ಬಂದಿತ್ತು.

ಅತ್ತ ಕುಳ್ಳನ್ ಹೊಸ ಗುಂಡನ್ನು ಗೋಣಿಯಲ್ಲಿ ಸುತ್ತಿ, ಹೆಗಲ ಮೇಲಿಟ್ಟುಕೊಂಡು ಕ್ಯಾಂಪಿನ ಮುಂದೆ ಬರುತ್ತಿದ್ದ. ಹೆಡ್ ಕಾನ್‌ಸ್ಟೆಬಲ್ ಮಾಧವನ್ ಅಡ್ಡ ನಿಂತ.

"ಎಂದಾಡಾ ಅದು?"

ಏನೋ ಅದು ಎಂದು ಕೇಳಿದರೆ ಕುಳ್ಳನ್ ಯಾಕೆ ಸುಳ್ಳು ಹೇಳಲಿ? ಬುದ್ಧಿಯವರ ಮನೆಯಲ್ಲಿ ಅದಕ್ಕೆ ಏನನ್ನುತ್ತಾರೋ ಅದನ್ನೇ ಹೇಳಿದ. "ಗುಂಡು, ಏಮಾನೇ!"

ಕನ್ನಡದವರ ಅಡುಗೆಮನೆಯಲ್ಲಿ ಗುಂಡು ರುಬ್ಬುತ್ತದೆ. ಮಲಯಾಳದಲ್ಲಿ ಗುಂಡು ಸಿಡಿಯುತ್ತದೆ! ಢಂ ಎನ್ನುವ ಮದ್ದಿನುಂಡೆಗೆ ಅಲ್ಲಿ ಆ ಹೆಸರು. ಮಾಧವನ್ ಒಂದೇ ನೆಗೆತಕ್ಕೆ ಚರಂಡಿಗೆ ಬಿದ್ದ. ಅಲ್ಲಿಂದಲೇ ವಿಚಾರಣೆ ಮುಂದುವರಿಸಿದ.

"ಯಾರಿಗದು?"

"ಶಿವಮಲ್ಲಪ್ಪ ಬುದ್ಧಿಯೋರ್ಗೆ. ಇವತ್ತು ಅವ್ರ ಹೊಸ ವರ್ಷ ಅಲ್ವಾ, ಅದಕ್ಕೆ."

ಹೊಸ ವರ್ಷವನ್ನು ಗುಂಡು ಸಿಡಿಸಿ ಶುರು ಮಾಡುವ ಯಜಮಾನ! ಮೆರವಣಿಗೆ ಹೊರಟಿತು. ಮುಂದೆ ಗುಂಡು ಹೊತ್ತ ಕುಳ್ಳನ್, ಬಹಳ ಹಿಂದೆ ಬಂದೂಕು ಹಿಡಿದ ಪೊಲೀಸರು, ಇನ್ನೂ ಹಿಂದೆ ಕೆಸರು ಸುರಿಯುತ್ತಿದ್ದ ಮಾಧವನ್. ಅಂಗಳಕ್ಕೆ ಬಂದ ಕುಳ್ಳನ್ ಭಾರ ತಾಳಲಾರದೆ ಗುಂಡನ್ನು ದೊಪ್ಪೆಂದು ಕೆಳಗೆ ಹಾಕಿದ. ಸರ್ಕಾರವೇ ನೆಲಕ್ಕೆ ಬೋರಲು ಬಿತ್ತು!

ಸದ್ದಿಗೆ ಎಚ್ಚರಗೊಂಡ ಶಿವಮಲ್ಲಪ್ಪನವರು ಎಣ್ಣೆ ತೊಟ್ಟಿಕ್ಕಿಸುತ್ತ ಹೊರಗೆ ಬಂದರು.

"ಇದೇನು ಹೇಳು!" ಎಂದು ಬಂದೂಕಿನ ಹಿಂದಿನಿಂದ ಮಾಧವನ್ ಗುಡುಗಿದ.

ಶಿವಮಲ್ಲಪ್ಪನವರು ತುಟಿಯ ಮೇಲೆ ಬೆರಳಿಟ್ಟರು. ವ್ರತ! ಆಮೇಲೆ ಗುಂಡಿನತ್ತ ತೋರಿಸಿ, ಕೈಯನ್ನು ಗರಗರ ತಿರುಗಿಸಿ, ಬಾಯಿಗೆ ತುತ್ತು ಇಟ್ಟಂತೆ ಮಾಡಿ, ಹೊಟ್ಟೆ ಸವರಿಕೊಂಡರು. ರುಬ್ಬಿ ಹೋಳಿಗೆ ತಿನ್ನುವುದು ಎಂದು ಅವರ ಅರ್ಥ. ತಿರುಗಿಸಿದರೆ ಸಿಡಿದು ಹೊಟ್ಟೆ ಹೋಗುತ್ತದೆ ಎಂದು ಪೊಲೀಸರ ಅರ್ಥ. ಒಬ್ಬ ಒಳಗೆ ಓಡಿ ಹಂಡೆಯಲ್ಲಿದ್ದ ಸ್ನಾನದ ಬಿಸಿನೀರನ್ನೆಲ್ಲ ಹೊತ್ತು ತಂದು ಗುಂಡಿನ ಮೇಲೆ ಸುರಿದ. ಗುಂಡಿಗೆ ಅಭ್ಯಂಜನವಾಯಿತು!

"ಅಯ್ಯೋ, ಅದು ರುಬ್ಬೋ ಕಲ್ಲು!" ಎನ್ನುತ್ತ ಮಲ್ಲಿಗಮ್ಮ ಓಡಿ ಬಂದಳು. "ನಾವು ಗುಂಡ್ಲುಪೇಟೆ ಕಡೆಯೋರು, ನಮ್ಮಲ್ಲಿ ಇದಕ್ಕೆ ಗುಂಡು ಅಂತಲೇ ಅನ್ನೋದು!"

"ಊರಿನ ಹೆಸರಲ್ಲೂ ಗುಂಡು!" ಎಂದ ಮಾಧವನ್ ಇನ್ನೆರಡು ಹೆಜ್ಜೆ ಹಿಂದೆ ಸರಿದ.

ಕೊನೆಗೆ ಒಬ್ಬ ಧೈರ್ಯಶಾಲಿ ಬಂದು ಅದನ್ನು ಒದ್ದ. ಕಾಲ್ಬೆರಳು ಹಿಡಿದುಕೊಂಡು ಕುಣಿದ. ಕಲ್ಲೆಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಬೇಲಿಯಾಚೆ ಸೇರಿದ್ದ ಜನ ಗೊಳ್ಳೆಂದು ನಕ್ಕರು.

ಆ ನಗುವೇ ಕೆಟ್ಟದ್ದು ಮಾಡಿತು. ಕೆಸರು ಮೆತ್ತಿದ ಯೂನಿಫಾರ್ಮಿನಲ್ಲಿ ಮಾಧವನ್ ಬರಿಗೈಯಲ್ಲಿ ಹಿಂದಿರುಗುವುದು ಹೇಗೆ? ಅವನ ಕೈ ಕುಳ್ಳನ್‌ನ ಕುತ್ತಿಗೆಗೆ ಬಿತ್ತು.

"ಇದು ಕಲ್ಲು, ಸರಿ. ಇವನು ಯಾರು? ಕಾಡಿನವರ ಕಡೆಯವನಲ್ಲ ಅಂತ ಹೇಳೋರು ಯಾರು?" ಶಿವಮಲ್ಲಪ್ಪನವರ ಕಡೆ ತಿರುಗಿದ. "ನಿಮ್ಮ ಆಳು ಅಂತಾನೆ. ಹೌದಾದ್ರೆ ಕ್ಯಾಂಪಿಗೆ ಬಂದು ಸಾಹೇಬರ ಮುಂದೆ ಹಾಗಂತ ಹೇಳಿ, ಬಿಟ್ಟುಬಿಡ್ತೀವಿ."

ಒಂದು ಮಾತು. ಹೌದು ಎಂದರೆ ಸಾಕು. ಕುಳ್ಳನ್ ಬುದ್ಧಿಯವರ ಬಾಯಿಯನ್ನೇ ನೋಡುತ್ತಿದ್ದ. ಕ್ಯಾಂಪು, ಸಾಹೇಬ, ನೂರೆಂಟು ಪ್ರಶ್ನೆ, ನಾಳೆ ಪೇಟೆಯಲ್ಲಿ ನೂರೆಂಟು ಬಾಯಿ! ಶಿವಮಲ್ಲಪ್ಪನವರ ಮೌನ ಮುರಿಯಿತು.

"ಅರಿಯಿಲ್ಲ!"

ಮಲಯಾಳದಲ್ಲಿ ಅದಕ್ಕೆ ಗೊತ್ತಿಲ್ಲ ಎಂದರ್ಥ. ಅಕ್ಕಿಗೆ ಅಲ್ಲಿ ಅರಿ ಎನ್ನುವುದರಿಂದ ಅಕ್ಕಿ ಇಲ್ಲ ಎಂದೂ ಕೇಳಿಸುತ್ತದೆ. ಮಳೆಗಾಲದಲ್ಲಿ ಕೂಲಿಯಿಲ್ಲದೆ ಅಕ್ಕಿ ಕೇಳಲು ಬಂದಾಗಲೆಲ್ಲ ಕುಳ್ಳನ್ ಅಂಗಡಿಯ ಜಗಲಿಯ ಕೆಳಗೆ ನಿಂತು ಅದೇ ಬಾಯಿಂದ ಅದೇ ಮಾತನ್ನು ಎರಡನೆಯ ಅರ್ಥದಲ್ಲಿ ಕೇಳಿದ್ದ. ಮೊದಲನೆಯ ಅರ್ಥದಲ್ಲಿ ಕೇಳಿದ್ದು ಅಂದೇ. ಅವನು ಒಮ್ಮೆ ಯಜಮಾನರ ಮುಖ ನೋಡಿ, ಪೊಲೀಸರ ಮುಂದೆ ನಡೆದ.

ಅಂಗಳ ಬರಿದಾದ ಮೇಲೆ ಮಲ್ಲಿಗಮ್ಮ ಗಂಡನ ಮುಂದೆ ಬಂದು ನಿಂತಳು.

"ವ್ರತ ಮುರಿಯೋಕೆ ನಿಮಗೆ ಇದೊಂದೇ ಮಾತು ಸಿಕ್ತಾ?"

"ಬಾಯಿ ತಪ್ಪಿ..."

"ಮೌನ ಅಂತ ಸುಮ್ಮನೇ ನಿಂತಿದ್ರೂ ಆಗ್ತಿತ್ತಲ್ಲ!"

"ನನ್ನನ್ನೂ ಕರ್ಕೊಂಡು ಹೋಗ್ತಿದ್ರು ಕಣೇ!"

"ನಿಮ್ಮನ್ನ ಕರ್ಕೊಂಡು ಹೋದ್ರೆ ಕುರ್ಚಿ ಹಾಕಿ ಚಾಯ ಕೊಡ್ತಾರೆ. ಅವನಿಗೆ ಏನು ಕೊಡ್ತಾರೆ ಅಂತ ಗೊತ್ತಿಲ್ವಾ ನಿಮಗೆ?"

ಗೊತ್ತಿತ್ತು. ಅದೇ ಕಷ್ಟ.

ಅಷ್ಟರಲ್ಲಿ ಕುಳ್ಳನ್‌ನ ಹೆಂಡತಿ ಚಾತಿ ಓಡಿ ಬಂದಳು. ಅಳಲಿಲ್ಲ. ಅಂಗಳದ ಅಂಚಿನಲ್ಲಿ ಕೈಮುಗಿದು ನಿಂತಳು. "ಅಮ್ಮಾ, ಬುದ್ಧಿಯೋರು ಬಂದು ಒಂದ್ ಮಾತೇಳುದ್ರೆ ಬುಟ್ಬುಡ್ತಾರಂತೆ."

ಬುದ್ಧಿಯವರು ಮಾವಿನ ತೋರಣ ಸರಿಪಡಿಸುವುದರಲ್ಲಿ ಮುಳುಗಿದ್ದರು. ಮಲ್ಲಿಗಮ್ಮ ಅವರನ್ನು ಕೇಳಲೂ ಇಲ್ಲ. ಒಡೆದ ಗುಂಡಿನ ಒಂದು ಹೋಳನ್ನು ಸಾಕ್ಷಿಗೆಂದು ಕಂಕುಳಲ್ಲಿ ಅವುಚಿಕೊಂಡಳು. "ಬಾ ಚಾತಿ. ಈ ಮನೇಲಿ ಬಾಯಿ ಇರೋದು ನನಗೊಬ್ಬಳಿಗೇ," ಎಂದು ಹೊರಟೇಬಿಟ್ಟಳು.

ಶಿವಮಲ್ಲಪ್ಪನವರು ಒಳಗೆ ಬಂದು ಮಣೆಯ ಮೇಲೆ ಕೂತರು. ದೀಪ ಉರಿಯುತ್ತಿತ್ತು. ಮನೆ ನಿಶ್ಶಬ್ದವಾಗಿತ್ತು. ಆತ್ಮಾವಲೋಕನಕ್ಕೆ ಇದಕ್ಕಿಂತ ಒಳ್ಳೆಯ ಗಳಿಗೆ ಉಂಟೆ? ಹರಿದ ಹಾಳೆಯಲ್ಲಿ ಏನು ಬರೆದಿತ್ತೋ, ಅವರಿಗೆ ಕಂಡದ್ದು ಲಂಗೋಟಿ ಉಟ್ಟ ಒಬ್ಬ ಹೇಡಿ. ನಾಚಿಕೆಯಾಯಿತು. ಸುಳ್ಳಲ್ಲ, ನಿಜವಾಗಿಯೇ ಆಯಿತು. ಎದ್ದು ಕ್ಯಾಂಪಿಗೆ ಹೋಗಿಯೇ ಬಿಡಬೇಕು ಎಂದುಕೊಂಡರು. ಎಣ್ಣೆ ಮೈಯಲ್ಲಿ ಹೇಗೆ ಹೋಗುವುದು ಎಂದು ಕೂತರು. ತಣ್ಣೀರು ಹೊಯ್ದುಕೊಂಡರೆ ನೆಗಡಿಯಾದೀತು ಎಂದು ಮತ್ತೂ ಕೂತರು. ನೀರು ಕಾಯಿಸಲು ಒಲೆಗೆ ಸೌದೆ ಹಾಕಿದರು. ಸ್ನಾನ ಮುಗಿದಾಗ ಹಸಿವಾಯಿತು. ಬರಿ ಹೊಟ್ಟೆಯಲ್ಲಿ ಸಾಹೇಬರ ಮುಂದೆ ನಿಲ್ಲುವುದು ಹೇಗೆ?

ಬಿಸಿಲು ಇಳಿಯುವ ಹೊತ್ತಿಗೆ ಮೂವರೂ ಬಂದರು. ಕ್ಯಾಂಪಿನಲ್ಲಿ ಮಲ್ಲಿಗಮ್ಮನ ಮಾತಿಗೂ ಕಲ್ಲಿನ ಹೋಳಿಗೂ ಬೆಲೆ ಸಿಕ್ಕಿರಲಿಲ್ಲ. ಯಜಮಾನನೇ ಗೊತ್ತಿಲ್ಲ ಎಂದ ಮೇಲೆ ಹೆಂಗಸಿನ ಮಾತೇನು ಎಂದು ಅವಳನ್ನೂ ಚಾತಿಯನ್ನೂ ಹೊರಗೇ ಕೂರಿಸಿದ್ದರು. ಕುಳ್ಳನ್‌ನ ತುಟಿ ಊದಿತ್ತು. ಒಂದು ಕಾಲನ್ನು ಎಳೆದು ಹಾಕುತ್ತಿದ್ದ.

"ಬಿಟ್ರಲ್ಲ, ಸದ್ಯ!" ಎಂದರು ಶಿವಮಲ್ಲಪ್ಪನವರು ಜಗಲಿಯಿಂದಲೇ. "ಏನು ಕೇಳಿದ್ರೋ?"

"ಯಾರ ಆಳು ನೀನು ಅಂತ ಕೇಳುದ್ರು. ಬುದ್ಧಿಯೋರ ಆಳು ಅಂದೆ. ಅವ್ರೇ ಅರಿಯಿಲ್ಲ ಅಂದವ್ರೆ, ಸುಳ್ಳೇಳ್ತಿಯಾ ಅಂತ ಹೊಡುದ್ರು. ತಿರ್ಗ ಕೇಳುದ್ರು. ತಿರ್ಗ ಬುದ್ಧಿಯೋರ ಆಳು ಅಂದೆ. ತಿರ್ಗ ಹೊಡುದ್ರು." ಕುಳ್ಳನ್ ತುಟಿಯ ರಕ್ತ ಒರೆಸಿಕೊಂಡ. "ಕಡೆಗೆ, ನಾನು ಯಾರ ಆಳೂ ಅಲ್ಲ ಅಂದೆ. ಇದು ನಿಜ, ಹೋಗು ಅಂತ ಬುಟ್ರು."

ಶಿವಮಲ್ಲಪ್ಪನವರು ದೊಡ್ಡ ಮನಸ್ಸು ಮಾಡಿದರು. "ಆಯ್ತು, ನಾಳೆ ಒಂದಿನ ಮಲಗಿಕೋ. ನಾಡಿದ್ದು ಗದ್ದೆ ಬದು ಕಡಿ ಬಾ."

"ಬರಾಕಾಯ್ತದಾ? ನಿಮ್ಮ ಆಳು ಅಂದ್ರೆ ಹೊಡೀತಾರೆ."

"ಏಯ್! ಕಾವಿನಮ್ಮನ ಮುಂದೆ ಮಾತು ಕೊಟ್ಟಿದೀಯ! ಈ ವರ್ಷ ಪೂರ್ತಿ ನೀನು ನನ್ನ ಆಳು!"

ಕುಳ್ಳನ್ ಕೋಪ ಮಾಡಿಕೊಳ್ಳಲಿಲ್ಲ. ಚಾತಿಯ ಭುಜ ಹಿಡಿದುಕೊಂಡು, ತಣ್ಣಗೆ ಹೇಳಿದ. "ಇದೇ ಮಾತ ಕ್ಯಾಂಪಿಗ್ ಬಂದು ಹೇಳಿ. ಹೇಳುದ್ ದಿನ ಬತ್ತೀನಿ."

ಗಂಡ ಹೆಂಡತಿ ಗದ್ದೆ ಬದುವಿನ ಮೇಲೆ ನಡೆದು ಹೋದರು. ಕ್ಯಾಂಪಿನ ಹೆಂಚು ಮನೆಯ ಅಂಗಳಕ್ಕೇ ಕಾಣುತ್ತಿತ್ತು, ಅಷ್ಟು ಹತ್ತಿರ. ಶಿವಮಲ್ಲಪ್ಪನವರು ನಾಳೆ ಹೋಗುತ್ತೇನೆ ಎಂದರು, ಸೋಮವಾರ ಹೋಗುತ್ತೇನೆ ಎಂದರು, ಸಾಹೇಬರು ಬದಲಾಗಲಿ ಎಂದರು. ಊರಿನ ಉಳಿದ ಆಳುಗಳೆಲ್ಲ ಕಾವಿನಲ್ಲಿ ಬೇರೆಯವರಿಗೆ ಮಾತು ಕೊಟ್ಟಾಗಿತ್ತು. ಮಳೆ ಬಂತು. ಕುಳ್ಳನ್‌ಗೆ ಉತ್ತರ ಕೊಡಲಾರದ ಶಿವಮಲ್ಲಪ್ಪನವರು ಆ ವರ್ಷ ಗದ್ದೆಯನ್ನು ತಾವೇ ಉತ್ತರು!