ಹತ್ತೊಂಬತ್ತನೆಯ ಕೋರ್ಸು

ಗುಮಾಸ್ತರು ಈ ಸಲ ಮುಗಿಸಿಯೇ ತೀರುವುದೆಂದು ಪಣ ತೊಟ್ಟರು. ಫೋನಿನಲ್ಲಿ ಪುಕ್ಕಟೆಯಾಗಿ ಸಿಗುವ ಕೋರ್ಸುಗಳಲ್ಲಿ ಅವರು ಅದುವರೆಗೆ ಹದಿನೆಂಟಕ್ಕೆ ಸೇರಿದ್ದರು. ಖಗೋಳಶಾಸ್ತ್ರದಿಂದ ಹಿಡಿದು ಜೇನುಸಾಕಣೆಯವರೆಗೆ ಎಲ್ಲದರಲ್ಲೂ ಮೊದಲ ಪಾಠ ಬಾಯಿಪಾಠ. ಎರಡನೆಯದರ ಮುಖ ಕಂಡವರಲ್ಲ. ಹತ್ತೊಂಬತ್ತನೆಯದು ‘ಮನೆಯ ನಲ್ಲಿ ರಿಪೇರಿ’. ಕಲಿಸುವವರು ಸಮುದ್ರದಾಚೆಯ ಪ್ರೊಫೆಸರು, ಜೊತೆಗೆ ಕಲಿಯುವವರು ದೇಶದೇಶಗಳ ತೊಂಬತ್ತು ಸಾವಿರ ಜನ.

ಅಡುಗೆಮನೆಯ ನಲ್ಲಿ ವಾರದಿಂದ ತೊಟ್ಟಿಕ್ಕುತ್ತಿತ್ತು. “ರೀ, ಪ್ಲಂಬರ್‌ಗೆ ಫೋನ್ ಮಾಡ್ಲಾ?” ಎಂದು ಮನೆಯಾಕೆ ಕೇಳಿದರು.

“ಬೇಡ. ನಾಲ್ಕೇ ಪಾಠ. ಭಾನುವಾರ ನಾನೇ ಬಿಚ್ತೀನಿ. ಸರ್ಟಿಫಿಕೇಟು ಬರದಿದ್ರೆ ಇನ್ಮೇಲೆ ಈ ಮನೇಲಿ ಯಾರಿಗೂ ಬುದ್ಧಿ ಹೇಳಲ್ಲ.”

ಆಕೆಗೆ ಈ ಮಾತು ಬಹಳ ಹಿಡಿಸಿತು. ಗುಮಾಸ್ತರಿಗೆ ಮಾತ್ರ ಆಡಿದ್ದು ಅತಿಯಾಯಿತೆನಿಸಿತು. ಬುದ್ಧಿ ಹೇಳದೆ ಅವರು ಒಂದು ದಿನವೂ ಬದುಕಿದವರಲ್ಲ.

ದಿನವೂ ಕಚೇರಿಯಿಂದ ಬಂದವರೇ ಊಟದ ಮೇಜಿನ ಮೇಲೆ ನೀರಿನ ಜಗ್ಗಿಗೆ ಫೋನು ಒರಗಿಸಿ ಕೂರುತ್ತಿದ್ದರು. ಎದುರಿಗೆ ಮನೆಯಾಕೆ ತರಕಾರಿ ಹೆಚ್ಚುತ್ತಿದ್ದರು. ಪ್ರೊಫೆಸರ ದನಿ ಬಲು ಮೆತ್ತಗೆ; ಐದೇ ನಿಮಿಷಕ್ಕೆ ಗುಮಾಸ್ತರ ಗದ್ದ ಎದೆಗೆ ತಾಗುತ್ತಿತ್ತು. ಎಚ್ಚರವಾದಾಗ ಪಾಠ ಮುಗಿದಿರುತ್ತಿತ್ತು, ಪಾಠದ ಕೊನೆಗಿರುವ ಪರೀಕ್ಷೆಯಲ್ಲಿ ಹತ್ತಕ್ಕೆ ಹತ್ತು ಬಂದಿರುತ್ತಿತ್ತು. ನಿದ್ದೆಯಲ್ಲೂ ತಾವು ಇಷ್ಟು ಚುರುಕೆಂದು ಅವರಿಗೇ ಗೊತ್ತಿರಲಿಲ್ಲ.

ಭಾನುವಾರ ತೋಳು ಮಡಚಿ, ಸ್ಪ್ಯಾನರ್ ಹಾಕಿ ತಿರುಗಿಸಿದರು. ನಲ್ಲಿಯ ತಲೆ ಕೈಗೆ ಬಂತು, ನೀರು ಸೂರಿಗೆ ಬಡಿಯಿತು. ಅಂಗೈ ಅಡ್ಡ ಹಿಡಿದರೆ ಅದು ತೋಳಿನೊಳಗೆ ನುಗ್ಗಿ ಪೈಜಾಮದಿಂದ ಹೊರಬಿತ್ತು. “ಎರಡನೇ ಪಾಠ ಹಾಕೇ, ಬೇಗ!” ಎಂದು ಕೂಗಿದರು. ಫೋನಿನಲ್ಲಿ ಬಿಳಿ ಚಕ್ರವೊಂದು ಸಾವಧಾನವಾಗಿ ಸುತ್ತುತ್ತಿತ್ತು.

ಮನೆಯಾಕೆ ಬಚ್ಚಲಿನ ಹಿಂದೆ ಹೋಗಿ ಬಂದರು. ನೀರು ನಿಂತಿತು.

“ಬಿಚ್ಚೋಕೆ ಮೊದಲು ಮೇನ್ ವಾಲ್ವ್ ಮುಚ್ಚಬೇಕು ಕಣ್ರೀ. ಎರಡನೇ ಪಾಠದಲ್ಲೇ ಹೇಳಿದ್ರು.”

“ನಿನಗೆ ಹೇಗೆ ಗೊತ್ತು?”

“ನೀವು ಗೊರಕೆ ಹೊಡೀತಿದ್ರಿ. ಉತ್ತರ ಒತ್ತದಿದ್ರೆ ಪಾಠ ಮುಂದಕ್ಕೆ ಹೋಗಲ್ಲ, ನನಗೋ ಮುಂದೇನು ಅಂತ ಕುತೂಹಲ.”

ಹೊಸ ವಾಷರ್ ಕೂರಿಸಿ, ಸರ್ಟಿಫಿಕೇಟಿಗೆ ಬೇಕಾದ ಫೋಟೋ ತೆಗೆದು ಪ್ರೊಫೆಸರಿಗೆ ಕಳಿಸಿದವರೂ ಆಕೆಯೇ. ಹತ್ತು ನಿಮಿಷದಲ್ಲಿ ನಲ್ಲಿ ಬಾಯಿ ಮುಚ್ಚಿತು. ಗುಮಾಸ್ತರೂ ಮುಚ್ಚಿದರು.

ಎರಡು ದಿನಕ್ಕೆ ಸರ್ಟಿಫಿಕೇಟು ಬಂತು, ಗುಮಾಸ್ತರ ಹೆಸರಿಗೆ. ಅವರಿಗೆ ನಾಚಿಕೆಯಾಯಿತು. “ಇದು ನಿನ್ನದು. ಅವರಿಗೆ ಬರೆದು ಹೆಸರು ತಿದ್ದಿಸ್ತೀನಿ.”

“ಏನೂ ಬೇಡ. ಬುದ್ಧಿ ಹೇಳದೆ ಎರಡೇ ದಿನಕ್ಕೆ ಸೊರಗಿ ಹೋಗಿದ್ದೀರಿ. ನನಗೆ ನೋಡಕ್ಕಾಗ್ತಿಲ್ಲ” ಎಂದು ಆಕೆಯೇ ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು.

ಅದನ್ನು ಕಂಡ ಮಹಡಿ ಮನೆಯ ದರ್ಜಿ ಮರುದಿನವೇ ಬಾಗಿಲು ತಟ್ಟಿದರು. “ಸಾರ್, ನಮ್ಮ ನಲ್ಲೀನೂ ಸೋರ್ತಿದೆ. ಒಂದ್ಸಲ ಬಂದು ನೋಡ್ತೀರಾ?”

ಗುಮಾಸ್ತರು ಗಾಬರಿಯಿಂದ ಹಿಂದೆ ತಿರುಗಿದರು. ಮನೆಯಾಕೆ ಆಗಲೇ ಸ್ಪ್ಯಾನರ್ ಹಿಡಿದು ಚಪ್ಪಲಿ ಮೆಟ್ಟುತ್ತಿದ್ದರು.

“ನಡೀರಿ, ನಿಮಗೆ ಅಲ್ಲೊಂದು ಕುರ್ಚಿ ಹಾಕಿಸ್ತೀನಿ. ಬುದ್ಧಿ ಹೇಳ್ತಾ ಕೂತಿರಿ.”