ಎದುರು ಗೋಡೆಯ ಚಹಾದವ್ವನವರಿಗೆ

ಶಿಗ್ಗಾವಿ,
ತಾ. ೬ ಫೆಬ್ರುವರಿ ೧೯೩೯

ನಮ್ಮ ಓಣಿಯ ಗೋಡೆಯನ್ನು ತಲೆಯಿಂದ ಪಾಯದವರೆಗೆ ತುಂಬಿ ನಿಂತಿರುವ, ಹಸಿರು ಸೀರೆಯ, ಎಂದೂ ಆರದ ಚಹಾದ ಕಪ್ಪು-ಬಶಿ ಹಿಡಿದ, ಶ್ರೀಮತಿ ಎನ್ನಬೇಕೋ ಕುಮಾರಿ ಎನ್ನಬೇಕೋ ತಿಳಿಯದ್ದರಿಂದ ಊರವರೆಲ್ಲ ಚಹಾದವ್ವನೆಂದೇ ಕರೆಯುವ ತಮ್ಮ ಪಾದಗಳಿಗೆ, ಅವು ಗಟಾರದ ಮಟ್ಟಕ್ಕೆ ಇಳಿದಿರುವುದರಿಂದ ತುಸು ದೂರದಿಂದಲೇ, ಸಿಂಪಿಗೇರ ಚನ್ನವೀರಪ್ಪನ ಶರಣುಗಳು.

ಮಾನ್ಯರೇ,

ಕಳೆದ ಶ್ರಾವಣದಲ್ಲಿ ಚಹಾ ಕಂಪನಿಯವರು ಮೋಟಾರಿನಲ್ಲಿ ಬಂದು, ನಾಲ್ಕು ದಿನ ಏಣಿ ಹತ್ತಿ ಇಳಿದು, ತಮ್ಮನ್ನು ನನ್ನ ಅಂಗಡಿಯ ಬಲಗಡೆಗೆ, ರಸ್ತೆಯ ಆಚೆ ಬದಿಗೆ ಬಣ್ಣದಲ್ಲಿ ಬರೆದುಹೋದರು. ನಾನು ಹದಿನಾರು ವರ್ಷದಿಂದ ಅದೇ ಕಟ್ಟೆಯ ಮೇಲೆ ಹೊಲಿಗೆ ಮಶಿನ್ ಇಟ್ಟುಕೊಂಡು ಮರ್ಯಾದೆಯಿಂದ ಬದುಕಿದವನು. ತಾವು ಬಂದ ಮೊದಲ ವಾರದಲ್ಲೇ ಮಹಾಲಿಂಗಪ್ಪ ಗೌಡರ ಅಂಗಿಗೆ ಮೂರು ತೋಳು ಹಚ್ಚಿದೆ, ಒಂದು ಚೊಣ್ಣದ ಎರಡೂ ಕಾಲು ಕೂಡಿಸಿ ಹೊಲಿದೆ, ನನ್ನ ಹೆಬ್ಬೆರಳಿಗೂ ಒಂದು ಹೊಲಿಗೆ ಹಾಕಿಕೊಂಡೆ. ತಮ್ಮ ಮುಖದ ಚೆಲುವಿಗೆ ಮರುಳಾಗಿ ನೋಡಿದೆನೆಂದು ತಾವು ಹಿಗ್ಗಬಾರದು. ತಮ್ಮ ಕುಪ್ಪಸದ ಎಡತೋಳು ಬಲತೋಳಿಗಿಂತ ಎರಡು ಬೆರಳು ಉದ್ದವಿದೆ. ಕಸುಬು ಬಲ್ಲವನ ಕಣ್ಣೆದುರಿಗೆ ಅಂಥದ್ದನ್ನು ಹಗಲೆಲ್ಲ ತೂಗಹಾಕುವುದು ಯಾವ ನ್ಯಾಯವೆಂದು ಕೇಳುವ ಧೈರ್ಯ ನನಗಿಲ್ಲ.

ಮಶಿನ್ ತಿರುಗಿಸಿ ಕೂಡ್ರೋಣವೆಂದರೆ ಬೆಳಕು ಬರುವುದು ತಮ್ಮ ಕಡೆಯಿಂದಲೇ. ನೋಡಬಾರದೆಂದು ಶಿವನಾಣೆ ಮಾಡಿದರೆ, ಎಲ್ಲಿ ನೋಡಬಾರದೆಂಬುದನ್ನು ಖಾತ್ರಿ ಮಾಡಿಕೊಳ್ಳಲಿಕ್ಕಾದರೂ ಒಮ್ಮೆ ನೋಡಬೇಕಾಗುತ್ತಿತ್ತು. ನನ್ನ ಅವಸ್ಥೆ ಕಂಡ ಟಾಂಗಾದ ಉಸ್ಮಾನಸಾಬರು, "ಕುದುರಿಗೆ ಕಣ್ಣಿನ ಬಾಜೂಕ ಚರ್ಮದ ಪಟ್ಟಿ ಕಟ್ಟೇವಿ ನೋಡ್ರಿ, ನೀವೂ ಒಂದ ತಿಂಗಳ ಕಟ್ಕೋರಿ" ಎಂದು ತಮ್ಮ ಮುದಿಕುದುರೆಯ ಹಳೆಯ ಪಟ್ಟಿಯನ್ನೇ ತಂದುಕೊಟ್ಟರು. ಅದನ್ನು ಕಟ್ಟಿಕೊಂಡು ಒಂದು ತಿಂಗಳು ಹೊಲಿದೆ. ಗಿರಾಕಿಗಳು ನನ್ನ ಮುಂದೆ ಹುಲ್ಲು ಇಡಲಿಲ್ಲವೆನ್ನುವುದೊಂದೇ ಸಮಾಧಾನ. ಆದರೆ ಏನು ಹೇಳಲಿ, ಪಟ್ಟಿ ಬಿಚ್ಚಿದ ದಿನ ಬಲಗಡೆಗೆ ತಾವು ಇರಲೇ ಇಲ್ಲ. ಗೋಡೆ ಇತ್ತೋ ಇಲ್ಲವೋ, ಅದೂ ಗೊತ್ತಾಗಲಿಲ್ಲ.

ಜಂಗಮರು ಮಠದಲ್ಲಿ ಕೂತು ವರ್ಷಗಟ್ಟಲೆ ಸಾಧಿಸುವ ಇಂದ್ರಿಯನಿಗ್ರಹವನ್ನು ತಾವು ಇಡೀ ಓಣಿಗೆ ಪುಕ್ಕಟೆಯಾಗಿ ಕಲಿಸಿದಿರಿ. ದೀಪಾವಳಿಯ ಹೊತ್ತಿಗೆ ಬಸ್ಸಿನವರು ತಮ್ಮೆದುರು ನಿಧಾನಿಸುವುದನ್ನು ಬಿಟ್ಟರು, ಯಾರದೋ ಎಮ್ಮೆ ತಮ್ಮ ಮೊಣಕಾಲಿಗೆ ಬೆನ್ನು ತಿಕ್ಕತೊಡಗಿತು. ಪ್ಲೇಗಿನ ಚುಚ್ಚುಮದ್ದಿನ ನೋಟೀಸನ್ನು ತಮ್ಮ ಸೆರಗಿನ ಮೇಲೆ ಅಂಟಿಸಿದ್ದರಿಂದ ಊರಲ್ಲಿ ಒಬ್ಬರೂ ಅದನ್ನು ಕಾಣದೆ, ಡಾಕ್ಟರರು ದಿನವಿಡೀ ಸೂಜಿ ಹಿಡಿದು ಒಬ್ಬರೇ ಕೂತಿದ್ದರಂತೆ. ಈ ಪತ್ರವನ್ನು ನಾನು ಅಲ್ಲಿಯೇ ಅಂಟಿಸುವವನಿದ್ದೇನೆ. ಲಕೋಟೆಯಲ್ಲಿ ಹಾಕಿದ ಪತ್ರವನ್ನು ಯಾರಾದರೂ ಒಡೆದು ಓದಿಯಾರು, ಇದನ್ನು ಯಾರೂ ಓದಲಾರರು.

ಇಷ್ಟೇ ಆಗಿದ್ದರೆ ತಮ್ಮ ಉಪಕಾರ ನೆನೆದು ಸುಮ್ಮನಿರುತ್ತಿದ್ದೆ. ನನಗೆ ಈಗ ಮೂವತ್ತಮೂರು ವರ್ಷ, ಮಾನ್ಯರೇ. ರೊಟ್ಟಿಯನ್ನು ನಾನೇ ಬಡಿದುಕೊಳ್ಳುತ್ತೇನೆ, ಅದು ಒಂದು ದಿನವೂ ದುಂಡಗೆ ಬಂದಿಲ್ಲ. ಹಾನಗಲ್ಲಿನ ಹೊನ್ನವ್ವನವರು ಕಳೆದ ವಾರ ಮಗಳು ಸುಶೀಲವ್ವನನ್ನು ಕರೆದುಕೊಂಡು, ಕುಪ್ಪಸ ಹೊಲಿಸುವ ನೆಪದಿಂದ, ವರ ಹೇಗಿದ್ದಾನೆ ನೋಡೋಣವೆಂದು ಮುಂಚಿತವಾಗಿ ತಿಳಿಸದೆ ಬಂದರು. ಹೆಣ್ಣು ಕೊಡುವ ಮನೆಯವರು ಕರೆಯದೆ ಕಟ್ಟೆ ಹತ್ತುವವರಲ್ಲ. ನಾನು ನೋಡಿ "ಬರ್ರಿ" ಎಂದೇನೆಂದು ತಾಯಿ ಮಗಳು ತಮ್ಮ ಗೋಡೆಯ ನೆರಳಿಗೆ, ಸರಿಯಾಗಿ ತಮ್ಮ ಬಶಿಯ ಕೆಳಗೆ, ಎರಡು ತಾಸು ನಿಂತರು. ನಾನು ಆ ಎರಡು ತಾಸಿನಲ್ಲಿ ನಾಲ್ಕು ಅಂಗಿ ಮುಗಿಸಿದೆ. ಬಲಗಡೆಗೆ ಏನೂ ಇರಲಿಲ್ಲ.

ಅವರನ್ನು ಬಸ್ಸಿಗೆ ಮುಟ್ಟಿಸಿದ ಉಸ್ಮಾನಸಾಬರು ಸಂಜೆಗೆ ಬಂದು ಹೊನ್ನವ್ವನವರ ಮಾತನ್ನು ಹಾಗೆಯೇ ಒಪ್ಪಿಸಿದರು: "ಎರಡ ತಾಸ ನಿಂತೀವಿ, ಕತ್ತ ಎತ್ತಿ ಸೈತ ನೋಡಲಿಲ್ಲ. ಇಷ್ಟ ಸೊಕ್ಕಿದ್ದವಗ ಮಗಳನ್ನ ಹೆಂಗ ಕೊಡೂದು?" ಅದನ್ನು ಕೇಳಿ ನನಗೆ ಅಳು ಬಂತು, ಮಶಿನ್ನಿನ ಮೇಲೆ ತಲೆಯಿಟ್ಟು ಅತ್ತೆ. ಆ ಪುಣ್ಯಾತ್ಮರು ಹಾನಗಲ್ಲಿಗೇ ಹೋಗಿ, ಕುದುರೆಯ ಪಟ್ಟಿಯ ಸಂಗತಿ ಮುಚ್ಚಿಟ್ಟು, ಕೈಕಾಲು ಬಿದ್ದು ಬಂದದ್ದರಿಂದ ಬರುವ ಗುರುವಾರ ಅವರು ಇನ್ನೊಂದೇ ಸಲ ಬರಲಿದ್ದಾರೆ. ಅಂದು ನಾನು ಕರೆಯದಿದ್ದರೆ ಸಂಬಂಧ ಮುರಿದಂತೆಯೇ.

ಆದ್ದರಿಂದ ತಮ್ಮಲ್ಲಿ ನಮ್ರ ಬಿನ್ನಹವೆಂದರೆ, ಗುರುವಾರ ಮುಂಜಾನೆಯಿಂದ ಹಾನಗಲ್ಲಿನ ಬಸ್ಸು ತಿರುಗುವವರೆಗೆ ತಾವು ಬೇರೆ ಗೋಡೆಗೆ ಹೋಗಿರಬೇಕು. ಕಾಲು ಗಟಾರದಲ್ಲಿ ಸಿಕ್ಕಿದ್ದರೆ, ಕಡೇಪಕ್ಷ ಅತಿಥಿಗಳು ಬಂದಾಗ ಬಶಿ ಬಡಿದು ನನಗೆ ಸೂಚನೆ ಕೊಡಬೇಕು. ಅದೂ ಆಗದಿದ್ದರೆ ಉಸ್ಮಾನಸಾಬರ ಟಾಂಗಾ ಹತ್ತಿ ಹಾನಗಲ್ಲಿಗೆ ದಯಮಾಡಿಸಿ, "ಈ ಮನುಷ್ಯ ನಾಲ್ಕು ತಿಂಗಳಿಂದ ನನ್ನ ಮುಖವನ್ನೇ ನೋಡಿಲ್ಲ" ಎಂದು ಹೊನ್ನವ್ವನವರೆದುರು ಸಾಕ್ಷಿ ನುಡಿಯಬೇಕು. ವರನಿಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಯಾರು ಕೊಟ್ಟಾರು? ಇತ್ತ ನಾನೂ ಸುಮ್ಮನಿರದೆ, ಇಂದಿನಿಂದ ತಮ್ಮನ್ನು ಮತ್ತೆ ನೋಡುವ ರೂಢಿ ಮಾಡಿಕೊಳ್ಳುತ್ತೇನೆ.

ತಮ್ಮ ನೆರಳಿನಲ್ಲಿ ಕಣ್ಣು ಕಳೆದುಕೊಂಡ,
ತಮ್ಮ ವಿಶ್ವಾಸಿ,
ಚನ್ನವೀರಪ್ಪ, ಸಿಂಪಿಗೇರ

ತಾ.ಕ. (ಗುರುವಾರ ಸಂಜೆ): ನಿರೀಕ್ಷಿಸಿದಂತೆ ಪತ್ರವನ್ನು ಯಾರೂ ಓದಿಲ್ಲವಾದ್ದರಿಂದ ಅದರ ಕೆಳಗೇ ಬರೆಯುತ್ತಿದ್ದೇನೆ. ಮೂರು ದಿನ ಕಷ್ಟಪಟ್ಟು ರೂಢಿ ಮಾಡಿ ಕಡೆಗೂ ಇವತ್ತು ಮುಂಜಾನೆ ನನಗೆ ಬಲಗಡೆ ಕಾಣತೊಡಗಿತು. ಬಸ್ಸು ಬಂದ ಸದ್ದಾಯಿತು. ಅತ್ತ ಹಸಿರು ಸೀರೆ ಕಂಡದ್ದೇ ತಡ, ಮಶಿನ್ ಬಿಟ್ಟೆದ್ದು, ಕೈಮುಗಿದು, ತಲೆಬಾಗಿ, "ಬರ್ರಿ, ಕೂಡ್ರಿ, ಚಾ ತಗೋರಿ" ಎಂದೆ. ಹೋದ ಸಲ ಆ ಗೋಡೆಯಿಂದ ಅಪಮಾನವಾಗಿತ್ತೆಂದು ತಾಯಿ ಮಗಳು ಈ ಸಲ ಕಟ್ಟೆಯ ಎಡಗಡೆಯ ಮೆಟ್ಟಿಲ ಹತ್ತಿರವೇ ನಿಂತಿದ್ದರು. "ಚಾ ಆಕಿ ಕೈಯಾಗ ಐತೆಲ್ಲಪಾ," ಎಂದರು ಹೊನ್ನವ್ವನವರು, "ಆಕಿನ್ನ ಮಾಡ್ಕೋ." ಸುಶೀಲವ್ವ ನಕ್ಕಳು. ನಗು ಚೆನ್ನಾಗಿತ್ತು. ಅದನ್ನು ಕಂಡದ್ದು ಟಾಂಗಾ ತಿರುಗಿದ ಮೇಲೆ.

ಹಿರಿಯರ ಮಾತು ಮೀರಬಾರದು. ಆದಕಾರಣ ತಮ್ಮ ಮನೆತನ ಯಾವುದು, ಬೆಡಗು ಯಾವುದು, ಮಾತಾಡಲು ಯಾರ ಹತ್ತಿರ ಬರಬೇಕು ಎಂಬುದನ್ನು ಬೇಗನೆ ತಿಳಿಸಬೇಕು. ಸೀರೆ ತಮ್ಮದೇ ಇರಲಿ, ಕುಪ್ಪಸ ಮಾತ್ರ ನಾನು ಹೊಸದಾಗಿ ಹೊಲಿಯುತ್ತೇನೆ. ಅದನ್ನು ಹೊಲಿದು ಮುಗಿಸುವವರೆಗೆ ದಯವಿಟ್ಟು ಗೋಡೆಯ ಕಡೆ ಮುಖ ಮಾಡಿ ನಿಂತಿರಬೇಕು.