ಸೈಲೆಂಟ್ ಮನೆಯ ಸೊಸೆ

ಯಾರನ್ನಾದರೂ ‘ತುಂಬಾ ಸೈಲೆಂಟು’ ಎಂದು ಹೊಗಳಿದರೆ ಈಗಲೂ ನನಗೆ ಮೈ ಜುಮ್ಮೆನ್ನುತ್ತದೆ. ನಮ್ಮ ಮನೆಯಲ್ಲಿ ಆ ಪದ ಬಂದಾಗಲೆಲ್ಲ ಏನಾದರೊಂದು ಆಗಿಯೇ ತೀರುತ್ತದೆ.

ಹುಡುಗ ಸೈಲೆಂಟು

ತೂಬಗೆರೆಯಲ್ಲಿ ನಮ್ಮಪ್ಪ ಮಗ್ಗ ಬಿಟ್ಟು ಅಂಗಡಿ ಇಟ್ಟವರು. ನನಗೆ ನೇಯ್ಗೆಯ ಗಂಧವೇ ಇರಲಿಲ್ಲ. ಸಂಬಂಧ ತಂದ ಸೋದರಮಾವ, “ಹುಡುಗ ಸೈಲೆಂಟು, ಅವರಮ್ಮ ಇನ್ನೂ ಸೈಲೆಂಟು, ಕಣ್ಮುಚ್ಕೊಂಡು ಕೊಡಿ” ಅಂದರು. ದೊಡ್ಡಬಳ್ಳಾಪುರದ ಮನೆಗೆ ಕಾಲಿಟ್ಟರೆ ಹಜಾರದ ಪಕ್ಕದಲ್ಲೇ ನಾಲ್ಕು ಪವರ್‌ಲೂಮ್! ಗೋಡೆಗೆ ಒರಗಿದರೆ ಗೋಡೆಯೂ ನಡುಗುತ್ತಿತ್ತು. ಸೋದರಮಾವನಿಗೆ ಫೋನ್ ಮಾಡಿ ಚೆನ್ನಾಗಿ ಬೈದೆ. ಆ ಸದ್ದಿನಲ್ಲಿ ಅವರಿಗೆ ಒಂದಕ್ಷರವೂ ಕೇಳಿಸಲಿಲ್ಲ. “ಚೆನ್ನಾಗಿದೀಯಾ? ಸಂತೋಷ ಕಣಮ್ಮ” ಎಂದು ಇಟ್ಟುಬಿಟ್ಟರು.

ತುಟಿ ಮಾತ್ರ

ಮೂರನೇ ದಿನ ಕಾಫಿ ಹಿಡಿದು ಮಗ್ಗದ ಕೋಣೆಯ ಬಾಗಿಲಲ್ಲಿ ನಿಂತೆ. ಆ ತುದಿಯಲ್ಲಿ ಅತ್ತೆ, ಈ ತುದಿಯಲ್ಲಿ ನಮ್ಮವರು. ಇಬ್ಬರ ತುಟಿಯೂ ಆಡುತ್ತಿತ್ತು, ದನಿ ಮಾತ್ರ ಇಲ್ಲ. ಅಷ್ಟರಲ್ಲಿ ಕರೆಂಟು ಹೋಗಿ ಮಗ್ಗಗಳು ನಿಂತವು. ತುಟಿಗಳು ನಿಲ್ಲಲಿಲ್ಲ. ಅತ್ತೆ ನಿಧಾನವಾಗಿ ನನ್ನ ಕಡೆ ತಿರುಗಿ, ದನಿಯಿಲ್ಲದೆ ಏನೋ ಹೇಳಿ ನಕ್ಕರು. ಲೋಟ ಕೈಜಾರಿತು. ಮಗ್ಗದ ಸದ್ದಿನಲ್ಲಿ ಹಾಗೆ ತುಟಿಯಲ್ಲೇ ಮಾತಾಡಿ ಅವರಿಗೆ ರೂಢಿಯಂತೆ.

“ನನ್ನ ನೋಡಿ ಏನಂದ್ರಿ ಅತ್ತೆ?”

“ಸೈಲೆಂಟ್ ಹುಡ್ಗಿ, ಒಂದು ಸಾಮಾನೂ ಬೀಳ್ಸಲ್ಲ ಅಂದೆ ಕಣಮ್ಮ.”

ಮಗ್ಗ ನಿಲ್ಲಿಸಿದ್ದು

ಹೋದ ವರ್ಷ ಅತ್ತೆಗೆ ಎರಡು ದಿನ ಜ್ವರ. ಮಾತ್ರೆ ನುಂಗಿ ಮಗ್ಗದ ಪಕ್ಕದ ಮಂಚದಲ್ಲೇ ಮಲಗಿದ್ದರು. ಮಧ್ಯಾಹ್ನ ಗಂಜಿ ತಂದು ಅಲುಗಾಡಿಸಿದೆ. ಏಳಲಿಲ್ಲ. ಕೈ ತಣ್ಣಗಿತ್ತು. ಉಸಿರು ಕೇಳೋಣವೆಂದರೆ ಮಗ್ಗದ ಸದ್ದು. ಎದೆಯ ಮೇಲೆ ಕೈಯಿಟ್ಟರೆ ಮಂಚವೇ ನಡುಗುತ್ತಿದೆ. ಬಡಿತ ಅವರದೋ ಮಗ್ಗದ್ದೋ ತಿಳಿಯದು. ಹೆತ್ತ ತಾಯಿಗಿಂತ ಹೆಚ್ಚಾಗಿ ನೋಡಿಕೊಂಡವರು. ನಾನು ಕಿರುಚಿದ್ದು ನನಗೇ ಕೇಳಿಸಲಿಲ್ಲ.

ನನ್ನ ಮುಖ ನೋಡಿ ನಮ್ಮವರು ಓಡಿಬಂದರು. ಅವರು ಕರೆತಂದ ಪಕ್ಕದ ಮನೆಯ ತಾತ ಅತ್ತೆಯ ಮೂಗಿನ ಹತ್ತಿರ ಬೆರಳಿಟ್ಟು ತಲೆಯಾಡಿಸಿದರು. “ಸೈಲೆಂಟಾಗಿ ಹೋಗ್ಬಿಟ್ರಲ್ಲಪ್ಪಾ. ಮಗ್ಗ ನಿಲ್ಸು.”

ಸಾವಾದರೆ ಮಗ್ಗ ನಿಲ್ಲಿಸುವುದು ನಮ್ಮ ಬೀದಿಯ ಪದ್ಧತಿ. ಒಂದೊಂದಾಗಿ ನಾಲ್ಕೂ ನಿಂತವು. ಸುದ್ದಿ ತಿಳಿದು ಅಕ್ಕಪಕ್ಕದ ಮನೆಗಳವೂ ನಿಂತವು. ಹಜಾರದ ಗೋಡೆ ಗಡಿಯಾರದ ಸದ್ದೂ ಕೇಳಿಸತೊಡಗಿತು.

ಆಗ ಅತ್ತೆಯ ಕಣ್ಣು ತೆರೆಯಿತು. ಮೆಲ್ಲಗೆ ಎದ್ದು ಕೂತರು. ತಾತ ಚಪ್ಪಲಿ ಬಿಟ್ಟು ಬೀದಿಗೆ ಓಡಿದರು. ಅತ್ತೆ ಮಗನನ್ನು ದುರುಗುಟ್ಟಿ ನೋಡಿದರು.

“ಯಾವನ್ಲಾ ಮಗ್ಗ ನಿಲ್ಸಿದ್ದು? ಇಷ್ಟು ಸೈಲೆಂಟಾಗಿದ್ರೆ ಮನುಷ್ರು ನಿದ್ದೆ ಮಾಡೋದ್ ಹೆಂಗೆ?”